ರಾಮನ್ ಸೂಕ್ಷ್ಮದರ್ಶಕ: ಎಲೆಯ ಅಣುಗಳನ್ನು ಗುರುತಿಸುವ ಬೆಳಕು

ಟೊಮೆಟೊ ಗಿಡದ ಎಲೆ ಹಳದಿಯಾದಾಗ ಕಾರಣ ಸಾರಜನಕದ ಕೊರತೆಯೋ, ನಂಜುರೋಗವೋ, ನೀರಿನ ಅಭಾವವೋ ಎಂದು ಬರಿಗಣ್ಣಿನಿಂದ ನಿರ್ಧರಿಸುವುದು ಕಷ್ಟ. ತಪ್ಪು ಅಂದಾಜಿನ ಮೇಲೆ ಔಷಧಿ ಸಿಂಪಡಿಸಿದರೆ ಹಣವೂ ಬೆಳೆಯೂ ನಷ್ಟ. ಎಲೆಯ ಬಣ್ಣ ಬದಲಾಗುವ ಮುನ್ನವೇ ಅದರೊಳಗಿನ ರಾಸಾಯನಿಕ ವ್ಯತ್ಯಾಸವನ್ನು ತೋರಿಸಬಲ್ಲ ಸಾಧನಗಳಲ್ಲಿ ರಾಮನ್ ಸೂಕ್ಷ್ಮದರ್ಶಕವೂ ಒಂದು.

ತತ್ತ್ವ
ಸರ್ ಸಿ.ವಿ. ರಾಮನ್ ಅವರು ಕೆ.ಎಸ್. ಕೃಷ್ಣನ್ ಅವರೊಡನೆ 1928ರಲ್ಲಿ ಕೊಲ್ಕತ್ತದಲ್ಲಿ ಕಂಡುಹಿಡಿದ ಪರಿಣಾಮವೇ ಇದರ ಮೂಲ. ವಸ್ತುವಿನ ಮೇಲೆ ಬಿದ್ದ ಬೆಳಕು ಬಹುಪಾಲು ಅದೇ ಬಣ್ಣದಲ್ಲಿ ಚದುರುತ್ತದೆ. ಅತ್ಯಲ್ಪ ಭಾಗ ಮಾತ್ರ ಅಣುಗಳ ಕಂಪನದೊಡನೆ ಶಕ್ತಿಯನ್ನು ವಿನಿಮಯ ಮಾಡಿಕೊಂಡು ಬಣ್ಣ ಬದಲಿಸುತ್ತದೆ. ಒಂದೊಂದು ಬಗೆಯ ಅಣು ಒಂದೊಂದು ರೀತಿಯಲ್ಲಿ ಕಂಪಿಸುವುದರಿಂದ, ಈ ಬದಲಾವಣೆಯು ಬೆರಳಚ್ಚಿನಂತೆ ಅಣುವಿನ ಗುರುತನ್ನು ತಿಳಿಸುತ್ತದೆ.

ಕಾರ್ಯವಿಧಾನ
ಲೇಸರ್ ಕಿರಣವನ್ನು ಸುಮಾರು 1 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಚಿಕ್ಕ ಬಿಂದುವಿಗೆ ಕೇಂದ್ರೀಕರಿಸಿ, ಮಾದರಿಯನ್ನು ಬಿಂದು ಬಿಂದುವಾಗಿ ಪರೀಕ್ಷಿಸಲಾಗುತ್ತದೆ. ಈ ಮಾಹಿತಿಯನ್ನು ಜೋಡಿಸಿದಾಗ ಲಿಗ್ನಿನ್, ಪಿಷ್ಟ, ಕ್ಯಾರೋಟಿನಾಯ್ಡ್ ಮುಂತಾದವು ಎಲ್ಲೆಲ್ಲಿ ಎಷ್ಟಿವೆ ಎಂಬ ನಕ್ಷೆ ದೊರೆಯುತ್ತದೆ. ಮಾದರಿಗೆ ಬಣ್ಣ ಹಚ್ಚಬೇಕಿಲ್ಲ. ನೀರಿನ ರಾಮನ್ ಸಂಕೇತ ದುರ್ಬಲವಾದ್ದರಿಂದ ಹಸಿ ಎಲೆಯನ್ನೇ ಪರೀಕ್ಷಿಸಬಹುದು.

ಮಿತಿಗಳು
• ಪತ್ರಹರಿತ್ತು ಲೇಸರ್ ಬೆಳಕನ್ನು ಹೀರಿ ತಾನೇ ಹೊಳೆಯುತ್ತದೆ. ಆ ಹೊಳಪಿನಲ್ಲಿ ರಾಮನ್ ಸಂಕೇತ ಮುಚ್ಚಿಹೋಗಬಹುದು. ಇದನ್ನು ತಗ್ಗಿಸಲು 785 ಅಥವಾ 1064 ನ್ಯಾನೋಮೀಟರ್ ಅಲೆಯುದ್ದದ ಲೇಸರ್ ಬಳಸುತ್ತಾರೆ.
• ಲೇಸರ್ ತೀವ್ರತೆ ಹೆಚ್ಚಾದರೆ ಅಂಗಾಂಶ ಸುಡುತ್ತದೆ.
• ಕ್ಯಾರೋಟಿನಾಯ್ಡ್ ಕಡಿಮೆಯಾಗಿರುವುದು ಗಿಡ ಬಾಧೆಯಲ್ಲಿದೆ ಎಂಬುದರ ಸೂಚನೆಯಾಗಬಹುದು. ಅದೊಂದರಿಂದಲೇ ರೋಗದ ಹೆಸರು ತಿಳಿಯದು. ಆರೋಗ್ಯವಂತ ಎಲೆಯೊಡನೆ ಹೋಲಿಕೆ ಮತ್ತು ಇತರ ಪರೀಕ್ಷೆಗಳಿಂದ ದೃಢೀಕರಣ ಅತ್ಯಗತ್ಯ.

ರೈತರು ಅನುಸರಿಸಬೇಕಾದ ಕ್ರಮ
ಈ ಉಪಕರಣ ಇಂದಿಗೂ ಮುಖ್ಯವಾಗಿ ಸಂಶೋಧನಾಲಯದ ಸಾಧನವೇ ಆಗಿದೆ, ಅದಕ್ಕಾಗಿ ಕಾಯಬೇಡಿ. ಆದರೆ ಅದು ಕಲಿಸುವ ಹೋಲಿಕೆಯ ನಿಯಮವನ್ನು ತಾವು ಈಗಲೇ ಪಾಲಿಸಬಹುದು. ರೋಗಲಕ್ಷಣವಿರುವ ಎಲೆಗಳೊಡನೆ ಅದೇ ತಾಕಿನ, ಅದೇ ವಯಸ್ಸಿನ ಆರೋಗ್ಯವಂತ ಎಲೆಗಳನ್ನೂ ಬೇರೆ ಬೇರೆ ಕಾಗದದ ಲಕೋಟೆಗಳಲ್ಲಿರಿಸಿ, ತಳಿ, ನಾಟಿ ಮಾಡಿದ ದಿನಾಂಕ, ಕೊಟ್ಟ ಗೊಬ್ಬರ ಮತ್ತು ಸಿಂಪಡಿಸಿದ ಔಷಧಿಗಳ ವಿವರವನ್ನು ಬರೆದು, ಸಾಧ್ಯವಾದರೆ ಅಂದೇ ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ. ಕಾರಣ ಖಚಿತವಾಗುವ ಮುನ್ನ ಹಲವು ಔಷಧಿಗಳನ್ನು ಬೆರೆಸಿ ಸಿಂಪಡಿಸಬೇಡಿ.