ಹಳೆಯ ಗಣಕಯಂತ್ರದಲ್ಲಿರುವ ಕಡತಗಳ ರಕ್ಷಣೆ

ನಮ್ಮ ಶಾಲೆಯ ಕಚೇರಿಯ ಮೂಲೆಯಲ್ಲಿ ಒಂದು ಹಳೆಯ ಗಣಕಯಂತ್ರವಿದೆ. ಈ ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಕುಟುಂಬಗಳ ಅಜ್ಜಿಯರು ಹೇಳಿದ ಹಾಡುಗಳನ್ನೂ ಗಾದೆಗಳನ್ನೂ ಹಿಂದಿನ ವಿದ್ಯಾರ್ಥಿಗಳು ಸಂಗ್ರಹಿಸಿ ಅದರಲ್ಲಿ ಇರಿಸಿದ್ದಾರೆ. ಹಾಡಿದವರಲ್ಲಿ ಹಲವರು ಇಂದು ನಮ್ಮೊಡನಿಲ್ಲ. ಯಂತ್ರ ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಆ ಹಾಡುಗಳನ್ನು ಎಲ್ಲಿ ಕೊಳ್ಳೋಣ? ಅನೇಕ ಮನೆಗಳಲ್ಲಿಯೂ ಇಂತಹ ಯಂತ್ರಗಳಿರುವುದರಿಂದ ಈ ವಿಷಯವನ್ನು ವಿವರಿಸುವುದು ಉಚಿತವೆಂದು ಭಾವಿಸುತ್ತೇನೆ.

ಗಣಕಯಂತ್ರದ ಸಕಲ ಕಾರ್ಯಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಅದರಲ್ಲಿ ದೋಷ ಕಂಡುಬಂದಾಗಲೆಲ್ಲ ತಯಾರಕರು ತಿದ್ದುಪಡಿಯನ್ನು ಕಳುಹಿಸುತ್ತಾರೆ. ಕೆಲವು ವರ್ಷಗಳ ತರುವಾಯ ಈ ಸೇವೆ ನಿಲ್ಲುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿಯೂ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೂ ಸಾಮಾನ್ಯ ಸೇವೆ ನಿಂತಿತು. ಅಂತಹ ಯಂತ್ರವು ಬೇಲಿ ಮುರಿದರೂ ಕಟ್ಟುವವರಿಲ್ಲದ ದ್ರಾಕ್ಷಿತೋಟದಂತೆ.

ಇದರ ಫಲವನ್ನು ಲೋಕವು 2017ರ ಮೇ ತಿಂಗಳಿನಲ್ಲಿ ಕಂಡಿತು. ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಆಂಧ್ರಪ್ರದೇಶದ ಕೆಲವು ಪೊಲೀಸ್ ಗಣಕಗಳೂ ತೊಂದರೆಗೊಳಗಾದವು. ಆ ದೋಷಕ್ಕೆ ತಿದ್ದುಪಡಿಯು ಮಾರ್ಚಿಯಲ್ಲಿಯೇ ಹೊರಬಂದಿದ್ದಿತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳೇ ತುತ್ತಾದವು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಹಳೆಯ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಬಾರದು. ಅದರಲ್ಲಿ ಬ್ಯಾಂಕಿನ ವ್ಯವಹಾರ ಸಲ್ಲದು. ಎರಡನೆಯದಾಗಿ, ಹೊರಗಿನಿಂದ ತಂದ ಪೆನ್‌ಡ್ರೈವನ್ನು ಹೊಸ ಯಂತ್ರವೊಂದರಲ್ಲಿ ಪರೀಕ್ಷಿಸಿದ ಮೇಲೆಯೇ ಹಾಕತಕ್ಕದ್ದು. ಗುಪ್ತಪದವೊಂದನ್ನಿಟ್ಟರೆ ಸಾಕೆಂದು ಹಲವರು ನಂಬುವರು. ಆದರೆ ಒಳಗಿನ ಹಾರ್ಡ್‌ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ, ಗೂಢಲಿಪಿಯಲ್ಲಿರದ ಕಡತಗಳನ್ನು ಯಾರಾದರೂ ಓದಬಹುದು. ಆದುದರಿಂದ ಯಂತ್ರವಿರುವ ಕೋಣೆಗೂ ಬೀಗ ಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಪ್ರತಿ ತೆಗೆದಿಡುವುದು. ನಮ್ಮ ಪ್ರಾಚೀನ ಕಾವ್ಯಗಳು ಉಳಿದುದು ಓಲೆಗರಿ ಗಟ್ಟಿಯಾಗಿದ್ದುದರಿಂದಲ್ಲ; ಲಿಪಿಕಾರರು ಮತ್ತೆ ಮತ್ತೆ ಪ್ರತಿ ಮಾಡಿದುದರಿಂದ. ಎರಡು ಪ್ರತಿಗಳನ್ನು ಬೇರೆ ಬೇರೆ ಸಾಧನಗಳಲ್ಲಿ ತೆಗೆದು, ಒಂದನ್ನು ಬೇರೆ ಕಟ್ಟಡದಲ್ಲಿ ಇಡಬೇಕು. ಕೆಲಸ ಮುಗಿದೊಡನೆ ಸಾಧನವನ್ನು ಯಂತ್ರದಿಂದ ಬೇರ್ಪಡಿಸಬೇಕು. ಜೋಡಿಸಿಯೇ ಇದ್ದರೆ ಅದಕ್ಕೂ ಸೋಂಕು ತಗಲುತ್ತದೆ. ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು.

ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತವು, ಆ ಅಕ್ಷರಶೈಲಿಯಿಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಕಡತ ಉಳಿದೂ ಕನ್ನಡ ಅಳಿದಂತೆಯೇ ಸರಿ! ಅದನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಪರಿವರ್ತಿಸಿದ ಬಳಿಕ ಒತ್ತಕ್ಷರಗಳನ್ನು ಮೂಲದೊಡನೆ ಹೋಲಿಸಿ ತಿದ್ದಬೇಕು. ಮೂಲವನ್ನು ಅಳಿಸಬಾರದು.

ಈ ಬೇಸಗೆ ರಜೆಯಲ್ಲಿ ನಮ್ಮ ಹಾಡುಗಳನ್ನು ಹೀಗೆ ಪರಿವರ್ತಿಸಲು ಉದ್ದೇಶಿಸಿದ್ದೇವೆ. ಮಕ್ಕಳು ಬೆರಳಚ್ಚು ತಿದ್ದಲಿ. ತಾಯಿತಂದೆಗಳು ಪಕ್ಕದಲ್ಲಿ ಕುಳಿತು, ತಾವು ಕೇಳಿ ಬಲ್ಲ ಮಾತು ಅದುವೇ ಹೌದೇ ಎಂದು ಹೇಳಲಿ. ಆ ಸಹಾಯವನ್ನು ಯಾವ ಯಂತ್ರವೂ ಮಾಡಲಾರದು.