ಮಾಮಾನ ಕಾರು ಕೂಗಿದ ರಾತ್ರಿ

ಮಾರ್ಚ್ ತಿಂಗಳು, ರಾತ್ರಿ ಎರಡು ಗಂಟೆ. ಸೇಡಂನ ನಮ್ಮ ಮಾಮಾನ ಓಣಿಯೆಲ್ಲ ಎದ್ದು ಕೂತಿತ್ತು. ಕೂಗುತ್ತಿದ್ದುದು ಅವನ ಸೆಕೆಂಡ್ ಹ್ಯಾಂಡ್ ಕಾರು. ಅರ್ಧ ನಿಮಿಷ ಹಾರ್ನ್, ಸ್ವಲ್ಪ ಮೌನ, ಮತ್ತೆ ಶುರು. ಪಕ್ಕದ ಮನೆ ಹುಡುಗಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ಅವಳ ಅಪ್ಪ ಬಾಗಿಲಲ್ಲಿ ನಿಂತು ಏನೂ ಅನ್ನದೆ ನೋಡುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

‘ಏ ಅಳಿಯಾ, ಬಿಇ ಓದ್ಲಾಕತ್ತಿ ಅಲ್ಲ, ಮೊದ್ಲ ಇದರ ಬಾಯಿ ಮುಚ್ಸು’ ಅಂದ ಮಾಮಾ.

ನಾನು ಎಲೆಕ್ಟ್ರಾನಿಕ್ಸ್ ಮೂರನೇ ವರ್ಷ. ಹಾಳೆ ಮೇಲೆ ಸರ್ಕ್ಯೂಟ್ ಬಿಡಿಸಿದವನೇ ಹೊರತು ಬಾನೆಟ್ ಎತ್ತಿದವನಲ್ಲ. ರಿಮೋಟ್ ಒತ್ತಿದೆ, ಅದರ ಸೆಲ್ ಸತ್ತಿತ್ತು. ಕೀಲಿಯಿಂದ ಬಾಗಿಲು ತೆಗೆದರೂ ನಿಲ್ಲಲಿಲ್ಲ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದೆ. ಓಣಿ ತಣ್ಣಗಾಯಿತು. ಹತ್ತು ನಿಮಿಷ ಬಿಟ್ಟು ವೈರ್ ಜೋಡಿಸಿದ್ದೇ ತಡ, ಮತ್ತೆ ಅದೇ ಕೂಗು! ಕರೆಂಟ್ ಹೋಗಿ ಬಂದರೂ ತಾನು ಕೂಗುತ್ತಿದ್ದುದನ್ನು ಅದು ಮರೆಯುವುದಿಲ್ಲ. ಮರೆತರೆ ಕಳ್ಳನೂ ಇದೇ ಉಪಾಯ ಮಾಡುತ್ತಾನಲ್ಲ.

ಕೊನೆಗೆ ಕಾರಿನ ಜೊತೆ ಬಂದ ಪುಸ್ತಕ ತೆಗೆದೆ. ಒಂದೇ ಸಾಲು: ಕೀಲಿ ಹಾಕಿ ಇಗ್ನಿಷನ್ ಆನ್ ಮಾಡಿ. ಕೀಲಿಯೊಳಗಿನ ಚಿಪ್ ಗುರುತಿಸಿ ಕಾರು ಸುಮ್ಮನಾಯಿತು. ಗೆದ್ದ ಖುಷಿಯಲ್ಲಿ ಹೋಗಿ ಮಲಗಿದೆ, ಇಗ್ನಿಷನ್ ಆಫ್ ಮಾಡುವುದನ್ನೇ ಮರೆತು.

ಬೆಳಿಗ್ಗೆ ಆಯಿಗೆ ಕಲಬುರಗಿಯಲ್ಲಿ ಕಣ್ಣಿನ ಪೊರೆ ಆಪರೇಷನ್. ಕಾರಿನ ಬ್ಯಾಟರಿ ಪೂರ್ತಿ ಇಳಿದಿತ್ತು. ಮಾಮಾನ ಕೈ ಹಿಡಿದು ಬಸ್ಸಿಗೆ ಹೊರಟ ಆಯಿ, ‘ಇರ್ಲಿ ಬಿಡಪ್ಪ, ಬಸ್ಸು ರಾತ್ರಿ ಕೂಗಂಗಿಲ್ಲ’ ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಬ್ಯಾಟರಿ ಚಾರ್ಜ್ ಮಾಡಿಸಿ, ರಿಮೋಟಿಗೆ ಹೊಸ ಸೆಲ್ ಹಾಕಿದರೂ ರಾತ್ರಿ ಕೂಗು ತಪ್ಪಲಿಲ್ಲ. ಒಂದು ಗ್ಯಾರೇಜಿನವರು ಮಾಡ್ಯೂಲ್ ಹೋಗಿದೆ, ಎಂಟು ಸಾವಿರ ಅಂದರು. ಮಾಮಾ ಹಾರ್ನ್ ವೈರ್ ಕತ್ತರಿಸಲು ಕಟಿಂಗ್ ಪ್ಲೇಯರ್ ಹಿಡಿದ. ನಾನು ಎರಡು ದಿನ ಕೇಳಿಕೊಂಡೆ.

ಎಚ್ಚರವಿದ್ದು ನೋಡಿದಾಗ ಒಂದು ವಿಷಯ ಹೊಳೆಯಿತು. ಪರಸಿ ಕಲ್ಲು ಹೊತ್ತ ಲಾರಿ ರಸ್ತೆಯಲ್ಲಿ ಹಾದಾಗಲೇ ಇದು ಕೂಗುತ್ತಿತ್ತು. ಅದುರಿಕೆ ಹಿಡಿಯುವ ಸೆನ್ಸರ್ ಇರಬೇಕು ಅಂದುಕೊಂಡೆ. ಪುಸ್ತಕದ ಪ್ರಕಾರ ಈ ಕಾರಿಗೆ ಅದಿಲ್ಲ. ಇದು ಕಾಯುವುದು ಬಾಗಿಲು, ಡಿಕ್ಕಿ, ಬಾನೆಟ್ ಮಾತ್ರ. ಬಾಗಿಲು ಒಂದೊಂದಾಗಿ ತೆಗೆದು ಮುಚ್ಚಿ, ಮುಚ್ಚಿದ ಮೇಲೆ ಜಗ್ಗಿಯೂ ನೋಡಿದೆ. ಒಳಗಿನ ದೀಪ ಸರಿಯಾಗಿ ಹತ್ತಿ ಆರುತ್ತಿತ್ತು. ಡಿಕ್ಕಿಯೂ ಅಷ್ಟೇ. ಬಾನೆಟ್ಟಿಗೆ ಮಾತ್ರ ಹಾಗೆ ಹೇಳುವ ದೀಪವಿಲ್ಲ.

ಭಾನುವಾರ ಚಿತ್ತಾಪುರದ ಒಬ್ಬ ಹಳೆಯ ಮಿಸ್ತ್ರಿ ಹತ್ತಿರ ಹೋದೆವು. ಬಾನೆಟ್ ಲಾಕ್ ಪಕ್ಕದ ಚಿಕ್ಕ ಸ್ವಿಚ್ ಮುಟ್ಟಿ, ಬೂದು ಹತ್ತಿದ ಬೆರಳು ತೋರಿಸಿ, ‘ವಾಡಿ, ಶಹಾಬಾದ್ ಕಡಿ ಓಡೋ ಗಾಡಿ ಏನ್ರೀ?’ ಎಂದರು. ಮಾಮಾ ಬೀಜ, ಔಷಧದ ಕಂಪನಿಯ ಕೆಲಸಕ್ಕೆ ವಾಡಿಯಿಂದ ಚಿಂಚೋಳಿವರೆಗೆ ತಿರುಗುವವನು. ಸಿಮೆಂಟಿನ ಧೂಳು, ಸುಣ್ಣಗಲ್ಲಿನ ಧೂಳು ಎಲ್ಲ ಅಲ್ಲಿ ಕೂತಿತ್ತು. ಒತ್ತಿದಾಗ ಸಂಪರ್ಕ ಕೂಡುವ ಸ್ವಿಚ್ ಅದು (ಕೆಲವು ಕಾರುಗಳಲ್ಲಿ ಉಲ್ಟಾ ಇರುತ್ತದೆ). ನನ್ನ ಮಲ್ಟಿಮೀಟರ್ ಹಚ್ಚಿ ಒತ್ತಿ ಹಿಡಿದೆ. ಬೀಪ್ ಒಂದೇ ಸಮ ಬರಬೇಕಿತ್ತು, ತುಂಡು ತುಂಡಾಗಿ ಬಂತು. ಲಾರಿ ಅದುರಿಸಿದಾಗ ಸಂಪರ್ಕ ತಪ್ಪುತ್ತಿತ್ತು, ಬಾನೆಟ್ ಯಾರೋ ಎತ್ತಿದರು ಅಂತ ಕಾರು ಕಿರುಚುತ್ತಿತ್ತು. ಸ್ಪ್ರೇ ಹೊಡೆದು ತೊಳೆದ ಮೇಲೆ ಬೀಪ್ ಕಡಿಯಲಿಲ್ಲ. ಮಿಸ್ತ್ರಿ ತೆಗೆದುಕೊಂಡದ್ದು ಐವತ್ತು ರೂಪಾಯಿ.

ಒಂದು ಮಾತು: ಹಾರ್ನ್ ಸುಮ್ಮನಿದ್ದು, ಕೀಲಿ ಚಿತ್ರದ ದೀಪ ಮಿಣುಕುತ್ತ ಎಂಜಿನ್ ಹಿಡಿಯದಿದ್ದರೆ ಅದು ಅಲಾರಂ ತಂಟೆ ಅಲ್ಲ, ಬಹುತೇಕ ಇಮ್ಮೊಬಿಲೈಜರಿನದು. ಮೊದಲು ಎರಡನೇ ಕೀಲಿ ಹಾಕಿ ನೋಡಿ. ಬ್ಯಾಟರಿ ಬಿಚ್ಚುವ ಮುಂಚೆ ಕೀಲಿ ಕೈಯಲ್ಲಿರಲಿ. ಕೆಲವು ಕಾರುಗಳ ರೇಡಿಯೊ ಆಮೇಲೆ ಕೋಡ್ ಕೇಳುತ್ತದೆ, ಅದನ್ನೂ ಹುಡುಕಿಟ್ಟುಕೊಳ್ಳಿ.

ಮುಂದಿನ ವಾರ ಆಯಿಯನ್ನು ತಪಾಸಣೆಗೆ ಕಾರಿನಲ್ಲೇ ಕರೆದೊಯ್ದೆವು. ಮಳಖೇಡ ದಾಟುವಾಗ ಆಕೆ, ‘ಇದು ಈಗ ಕೂಗಂಗಿಲ್ಲೇನು?’ ಎಂದು ಕೇಳಿದಳು. ಮಾಮಾ ನನ್ನ ಕಡೆ ನೋಡದೆ ಒಮ್ಮೆ ಹಾರ್ನ್ ಹೊಡೆದ.