ವಿಡಿಆರ್‌ಎಲ್ ಪರೀಕ್ಷೆಯೊಳಗಿನ ಕೊಬ್ಬು: ಕಾರ್ಡಿಯೋಲಿಪಿನ್

ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರ ತಾಯಿ ಕಾರ್ಡನ್ನೋ ಲ್ಯಾಬ್ ರಿಪೋರ್ಟನ್ನೋ ಒಮ್ಮೆ ತೆಗೆದು ನೋಡಿ. ರಕ್ತದ ಗುಂಪು, ಹಿಮೋಗ್ಲೋಬಿನ್ ಜೊತೆಗೆ ವಿಡಿಆರ್‌ಎಲ್ ಎಂಬ ಹೆಸರೂ ಇರಬಹುದು. ಇದು ಸಿಫಿಲಿಸ್ ಎಂಬ ಲೈಂಗಿಕ ರೋಗವನ್ನು ಹುಡುಕುವ ಪರೀಕ್ಷೆ. ಆದರೆ ಇದು ನೇರವಾಗಿ ಆ ರೋಗಾಣುವನ್ನು ಹುಡುಕುವುದಿಲ್ಲ. ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ವಿರುದ್ಧ ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ಇವೆಯೇ ಎಂದು ನೋಡುತ್ತದೆ. ಈ ಒಂದು ವಿಷಯ ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ ಅನಗತ್ಯ ಗಾಬರಿ ತಪ್ಪುತ್ತದೆ.

ಏನಿದು ಕಾರ್ಡಿಯೋಲಿಪಿನ್?

‘ಕಾರ್ಡಿಯೋ’ ಎಂದರೆ ಹೃದಯ, ‘ಲಿಪಿಡ್’ ಎಂದರೆ ಕೊಬ್ಬಿನ ಜಾತಿಯ ವಸ್ತು. 1940ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿ ಮೇರಿ ಪ್ಯಾಂಗ್‌ಬಾರ್ನ್ ಇದನ್ನು ದನದ ಹೃದಯದಿಂದ ಬೇರ್ಪಡಿಸಿದರು. ಹೆಸರು ಬಂದದ್ದು ಹಾಗೆ. ಇದು ಕೊಲೆಸ್ಟ್ರಾಲ್ ಅಲ್ಲ, ಹೊಟ್ಟೆಯ ಸುತ್ತ ಸೇರುವ ಬೊಜ್ಜೂ ಅಲ್ಲ. ಜೀವಕೋಶದೊಳಗಿನ ಪೊರೆಯ ಒಂದು ಭಾಗ.

ಪೊರೆಯ ಸಾಮಾನ್ಯ ಲಿಪಿಡ್‌ಗೆ ಒಂದು ತಲೆ, ಎರಡು ಬಾಲ. ಅಂಥ ಎರಡನ್ನು ತಲೆಯ ಹತ್ತಿರ ಬೆಸೆದರೆ ನಾಲ್ಕು ಬಾಲದ ಕಾರ್ಡಿಯೋಲಿಪಿನ್ ಆಗುತ್ತದೆ. ಬಾಲದ ಕಡೆ ಅಗಲ, ತಲೆಯ ಕಡೆ ಕಿರಿದು.

ಈ ಆಕಾರದಿಂದ ಏನು ಉಪಯೋಗ?

ಬಾವಿಯ ಗೋಡೆ ಕಟ್ಟುವುದನ್ನು ನೆನೆಯಿರಿ. ಗೋಡೆ ದುಂಡಗೆ ತಿರುಗಬೇಕಾದರೆ ಕಲ್ಲಿನ ಒಂದು ತುದಿ ಕಿರಿದಾಗಿರಬೇಕು. ಪೊರೆ ಬಾಗಬೇಕಾದ ಕಡೆ ಕಾರ್ಡಿಯೋಲಿಪಿನ್ ಅಂಥ ಕಲ್ಲು. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಲಿಪಿಡ್‌ಗಳಲ್ಲಿ ಇದು ಸುಮಾರು ಶೇ. 5 ಮಾತ್ರ. ಆದರೂ ಪೊರೆ ಹೆಚ್ಚು ಬಾಗಿರುವ ಎರಡು ತುದಿಗಳಲ್ಲಿ ಇದು ಗುಂಪುಗೂಡುತ್ತದೆ.

ನಮ್ಮ ದೇಹದಲ್ಲಿ ಇದರ ಮನೆ ಮೈಟೊಕಾಂಡ್ರಿಯಾ. ಅನ್ನದ ಶಕ್ತಿಯನ್ನು ಕೋಶ ಬಳಸುವ ರೂಪಕ್ಕೆ ತಿರುಗಿಸುವ ಪುಟ್ಟ ಭಾಗ ಅದು. ಅದರ ಒಳಪೊರೆ ಸೀರೆಯ ನಿರಿಗೆಯಂತೆ ಮಡಿಸಿಕೊಂಡಿರುತ್ತದೆ. ಅಲ್ಲಿನ ಲಿಪಿಡ್‌ನಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಕಾರ್ಡಿಯೋಲಿಪಿನ್. ಅದು ನಿರಿಗೆಗಳು ನಿಲ್ಲಲು ನೆರವಾಗುತ್ತದೆ. ಶಕ್ತಿ ತಯಾರಿಸುವ ಪ್ರೋಟೀನ್‌ಗಳನ್ನು ಜೊತೆಯಾಗಿ ಹಿಡಿದಿಡುತ್ತದೆ.

ಬ್ಯಾಕ್ಟೀರಿಯಾದಲ್ಲಿರುವುದು ನಮ್ಮಲ್ಲೂ ಹೇಗೆ ಬಂತು ಎಂದು ನೀವು ಕೇಳಬಹುದು. 150 ಕೋಟಿ ವರ್ಷಕ್ಕೂ ಹಿಂದೆ ಒಂದು ಬ್ಯಾಕ್ಟೀರಿಯಾ ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ನೆಲೆಸಿತು. ಮೈಟೊಕಾಂಡ್ರಿಯಾ ಅದರ ಸಂತತಿ. ಈ ಕೊಬ್ಬು ಆ ತವರಿನಿಂದ ಬಂದ ಗುರುತು.

ಇದನ್ನು ತಿನ್ನಬೇಕೇ?

ಬೇಡ, ದೇಹವೇ ತಯಾರಿಸಿಕೊಳ್ಳುತ್ತದೆ. ಆದರೆ ಹೃದಯದ ಕಾರ್ಡಿಯೋಲಿಪಿನ್‌ನ ಬಾಲಗಳು ಬಹುಪಾಲು ಲಿನೋಲಿಯಿಕ್ ಆಮ್ಲದವು. ಅದು ಆಹಾರದಿಂದಲೇ ಬರಬೇಕು. ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ ಎಣ್ಣೆಯಲ್ಲಿ ಸಿಗುತ್ತದೆ. ಹಾಗೆಂದು ಎಣ್ಣೆ ಹೆಚ್ಚಿಸಬೇಕಿಲ್ಲ. ಬಾಲಗಳನ್ನು ಸರಿಪಡಿಸುವ ಜೀನ್ ಕೆಟ್ಟರೆ ಮಾತ್ರ ಬಾರ್ತ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ ಬರುತ್ತದೆ. ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣುವ ಇದರಲ್ಲಿ ಹೃದಯವೂ ಸ್ನಾಯುಗಳೂ ದುರ್ಬಲವಾಗುತ್ತವೆ.

ಪರೀಕ್ಷೆ ಹೇಗೆ ನಡೆಯುತ್ತದೆ?

ಸಿಫಿಲಿಸ್ ರೋಗಾಣು ಕೋಶಗಳನ್ನು ಒಡೆದಾಗ ಒಳಗಿನ ಕೊಬ್ಬು ಹೊರಬೀಳುತ್ತದೆ. ರೋಗಾಣುವಿನ ಪೊರೆಯಲ್ಲೂ ಕಾರ್ಡಿಯೋಲಿಪಿನ್ ಇದೆ. ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಲ್ಯಾಬಿನಲ್ಲಿ ಕಾರ್ಡಿಯೋಲಿಪಿನ್, ಲೆಸಿಥಿನ್, ಕೊಲೆಸ್ಟ್ರಾಲ್ ಬೆರೆಸಿದ ದ್ರಾವಣದ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ರಕ್ತದ ಸೀರಮ್‌ಗೆ ಸೇರಿಸುತ್ತಾರೆ. 4 ನಿಮಿಷ ತಿರುಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹರಳುಗಟ್ಟಿದಂತೆ ಗುಂಪುಗೂಡಿದರೆ ‘ರಿಯಾಕ್ಟಿವ್’, ಇಲ್ಲವಾದರೆ ‘ನಾನ್-ರಿಯಾಕ್ಟಿವ್’.

ರಿಯಾಕ್ಟಿವ್ ಬಂದರೆ ಸಿಫಿಲಿಸ್ ಎಂದೇ ಅರ್ಥವೇ? ಅಲ್ಲ. ಮಲೇರಿಯಾ, ಕುಷ್ಠ, ಲೂಪಸ್‌ನಂಥ ಕಾಯಿಲೆಗಳಲ್ಲಿ, ಕೆಲವೊಮ್ಮೆ ಬಸಿರಿನಲ್ಲೂ ಹೀಗಾಗುತ್ತದೆ. ಆದ್ದರಿಂದ ಟಿಪಿಎಚ್‌ಎ ಎಂಬ ಎರಡನೇ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಮತ್ತೆ ಮತ್ತೆ ಗರ್ಭಪಾತವಾದವರಿಗೆ ವೈದ್ಯರು ಆಂಟಿ-ಕಾರ್ಡಿಯೋಲಿಪಿನ್ ಪರೀಕ್ಷೆ ಬರೆಯಬಹುದು. ಅದು ಒಮ್ಮೆ ಪಾಸಿಟಿವ್ ಬಂದರೆ ಸಾಲದು, ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು.

ಖರ್ಚೆಷ್ಟು, ಎಲ್ಲಿ?

ಗರ್ಭಿಣಿಯರಿಗೆ ಸಿಫಿಲಿಸ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಉಚಿತ ತಪಾಸಣೆಯೂ ಇದೆ. ಖಾಸಗಿ ಲ್ಯಾಬಿನಲ್ಲಿ ವಿಡಿಆರ್‌ಎಲ್ ಅಗ್ಗದ ಪರೀಕ್ಷೆಗಳಲ್ಲೊಂದು. ಆಂಟಿ-ಕಾರ್ಡಿಯೋಲಿಪಿನ್‌ಗೆ ಅದರ ಹಲವು ಪಟ್ಟು ಹಣ ಬೇಕು, ಮೊದಲೇ ದರ ಕೇಳಿಕೊಳ್ಳಿ.

ಕೊನೆಗೊಂದು ಮಾತು. ರಿಪೋರ್ಟಿನಲ್ಲಿ ‘ರಿಯಾಕ್ಟಿವ್’ ಎಂದು ಕಂಡೊಡನೆ ಗಂಡನನ್ನೋ ಹೆಂಡತಿಯನ್ನೋ ಅನುಮಾನಿಸಬೇಡಿ. ಎರಡನೇ ಪರೀಕ್ಷೆ ಮುಗಿಯಲಿ. ರೋಗ ಇದ್ದದ್ದೇ ಆದರೂ ಪೆನಿಸಿಲಿನ್ ಚುಚ್ಚುಮದ್ದಿನಿಂದ ಗುಣವಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಪಡೆಯಿರಿ, ತಡಮಾಡಬೇಡಿ. ಬೇಗ ಪಡೆದಷ್ಟೂ ಹೊಟ್ಟೆಯಲ್ಲಿರುವ ಮಗುವಿಗೆ ರಕ್ಷಣೆ ಹೆಚ್ಚು.